ಮಲ್ಲಿಗೆ ಊಲಾಂಗ್ ಮತ್ತು ಚಹಾ ಮಡಿವಂತರು

ಚಹಾದಲ್ಲೂ ಮಡಿವಂತರಿದ್ದಾರೆ ಅಂತ ನನಗೆ ಗೊತ್ತಾಗಿದ್ದು ಮಲ್ಲಿಗೆ ಊಲಾಂಗ್ ಕುಡಿಯೋಕೆ ಶುರು ಮಾಡಿದ ಮೇಲೆ. ಹಾಲು ಸಕ್ಕರೆ ಹಾಕಿ ಕುದಿಸೋ ನಮ್ಮ ಟೀ ಬಗ್ಗೆ ಇವರು ಜಗಳಕ್ಕೆ ಬರಲ್ಲ, ಅದನ್ನು ಲೆಕ್ಕಕ್ಕೇ ತಗೊಳ್ಳಲ್ಲ ಅಷ್ಟೆ. ಆದರೆ ಊಲಾಂಗಿಗೆ ಮಲ್ಲಿಗೆ ಘಮ ಹಾಕಿದ್ದು ಅಂದ ತಕ್ಷಣ ಮುಖ ಹುಳ್ಳಗಾಗುತ್ತೆ. "ಒಳ್ಳೆ ಊಲಾಂಗಿಗೆ ತನ್ನದೇ ಹೂವಿನ ಘಮ ಇರತ್ತೆ, ಅದರ ಮೇಲೆ ಇನ್ನೊಂದು ಹೂ ಯಾಕೆ? ಕೆಟ್ಟ ಎಲೆ ಮುಚ್ಚಿಡೋಕೆ ಮಾಡೋ ಉಪಾಯ ಅದು" ಅಂತಾರೆ.

ಇದರಲ್ಲಿ ಅರ್ಧ ನಿಜ ಇದೆ. ಆ ಅರ್ಧವನ್ನು ಮೊದಲು ಹೇಳಿಬಿಡ್ತೀನಿ.

ಊಲಾಂಗ್ ಅಂದ್ರೆ ಹಸಿರು ಚಹಾಕ್ಕೂ ಕಪ್ಪು ಚಹಾಕ್ಕೂ ನಡುವಿನದು. ಹೆಸರಿನ ಅರ್ಥ 'ಕರಿ ಡ್ರ್ಯಾಗನ್'. ಕಿತ್ತ ಎಲೆಯನ್ನು ಬಾಡಿಸಿ, ಬಿದಿರಿನ ತಟ್ಟೆಗಳಲ್ಲಿ ಗಂಟೆಗಟ್ಟಲೆ ಬಿಟ್ಟು ಬಿಟ್ಟು ಅಲ್ಲಾಡಿಸ್ತಾರೆ. ಎಲೆಯ ಅಂಚು ಜಜ್ಜಿ, ಅಲ್ಲಿಂದ ಬಣ್ಣ ತಿರುಗೋಕೆ ಶುರುವಾಗತ್ತೆ. ಅರ್ಧಂಬರ್ಧ ಆದಾಗ ಬಿಸಿ ಕೊಟ್ಟು ನಿಲ್ಲಿಸಿಬಿಡ್ತಾರೆ. ಈ ಪೆಟ್ಟು ತಿನ್ನೋ ಹೊತ್ತಲ್ಲೇ ಎಲೆಯೊಳಗೆ ಘಮ ಹುಟ್ಟೋದು. ಇಂಡೋಲ್ ಅಂತ ಒಂದು ರಾಸಾಯನಿಕ ಇದೆ. ಮಲ್ಲಿಗೆಯ ಪರಿಮಳದಲ್ಲಿ ಇರೋದೂ ಅದೇ, ಜಜ್ಜಿಸಿಕೊಂಡ ಊಲಾಂಗ್ ಎಲೆಯಲ್ಲಿ ತಯಾರಾಗೋದೂ ಅದೇ. (ಜಾಸ್ತಿಯಾದ್ರೆ ನುಸಿಗುಳಿಗೆ ವಾಸನೆ, ಹದವಾಗಿದ್ರೆ ಮಲ್ಲಿಗೆ. ಪ್ರಕೃತಿಯ ತಮಾಷೆ ನೋಡಿ!) ಅಂದ್ರೆ ಎಲೆಗೇ ಹೂವಿನ ಘಮ ಇದೆ ಅನ್ನೋದು ಸುಳ್ಳಲ್ಲ.

ಎರಡನೇದು ಇತಿಹಾಸ. 1869ರಲ್ಲಿ ಜಾನ್ ಡಾಡ್ ಅನ್ನೋ ವ್ಯಾಪಾರಿ ತೈವಾನಿನ ಊಲಾಂಗನ್ನು ಹಡಗಲ್ಲಿ ನೇರವಾಗಿ ನ್ಯೂಯಾರ್ಕಿಗೆ ಕಳಿಸಿದ. 'ಫಾರ್ಮೋಸಾ ಊಲಾಂಗ್' ಅಂತ ಹೆಸರಾಯ್ತು. ಮುಂದಿನ ದಶಕದಲ್ಲಿ ಮಾರಾಟ ಬಿದ್ದಾಗ, ಉಳಿದ ಎಲೆಯನ್ನು ಕಡಲಾಚೆ ಫೂಜೌಗೆ ಕಳಿಸಿ ಹೂವಿನ ಘಮ ಹಾಕಿಸಿದರು. 1880ರ ದಶಕದ ಹೊತ್ತಿಗೆ ಆ ಕೆಲಸ ತೈಪೆಯಲ್ಲೇ ಶುರುವಾಯ್ತು. ಕಾಗದದಲ್ಲಿ ಪೊಟ್ಟಣ ಕಟ್ಟಿ ಮಾರ್ತಿದ್ದರಿಂದ ಅದಕ್ಕೆ ಬಾವ್‌ಜೋಂಗ್ ಅಂತ ಹೆಸರು. ಹೌದಪ್ಪ, ಮಾರಾಟವಾಗದ ಮಾಲಿಗೆ ಹೂ ಮುಡಿಸಿದ್ದು ನಿಜ.

ಆದರೆ ಮಡಿವಂತರು ಇಲ್ಲಿಗೇ ಕಥೆ ನಿಲ್ಲಿಸಿಬಿಡ್ತಾರೆ. ಇವತ್ತು ಅವರು ಕಣ್ಣು ಮುಚ್ಚಿಕೊಂಡು ಗುಟುಕರಿಸೋ ಹೂವಿಲ್ಲದ ಬಾವ್‌ಜೋಂಗ್ ಬಂದಿದ್ದು ಅದಾದ ಮೇಲೆ, 20ನೇ ಶತಮಾನದ ಮೊದಲ ದಶಕಗಳಲ್ಲಿ. ಜನಕ್ಕೆ ಹೂವಿನ ಘಮದ ರುಚಿ ಹತ್ತಿತ್ತು. ಹೂ ಹಾಕದೆಯೇ ಆ ಘಮ ಎಲೆಯಿಂದಲೇ ಬರೋ ಹಾಗೆ ಮಾಡೋಕೆ ಹೊರಟರು. ಹೂವೇ ಎಲೆಗೆ ಮೇಷ್ಟ್ರಾಯ್ತು ಅನ್ನಬಹುದು. ಆ ಮೇಷ್ಟ್ರನ್ನ ಈಗ ಅಡುಗೆಮನೆ ಹೊರಗೆ ನಿಲ್ಲಿಸಿದ್ರೆ ಹೇಗೆ ಸ್ವಾಮಿ?

ಇನ್ನು ಮಲ್ಲಿಗೆ ಘಮ ಹಾಕೋ ಕೆಲಸ ಎಂಥದ್ದು ಅಂತ ತಿಳಿದರೆ 'ಮುಚ್ಚಿಡೋ ಉಪಾಯ' ಅನ್ನೋಕೆ ಬಾಯೇ ಬರಲ್ಲ. ಮೊಗ್ಗನ್ನು ಬಿಸಿಲಿರುವಾಗ ಮಧ್ಯಾಹ್ನ ಬಿಡಿಸಬೇಕು. ಅವತ್ತು ರಾತ್ರಿಯೇ ಅರಳೋ ಮೊಗ್ಗೇ ಆಗಿರಬೇಕು. ಸಂಜೆ ಮೇಲೆ, ಬಿರಿಯೋ ಹೊತ್ತಿಗೆ, ಒಣಗಿದ ಚಹಾ ಎಲೆ ಜೊತೆ ಬೆರೆಸಿ ರಾಶಿ ಹಾಕ್ತಾರೆ. ಹೂ ಜೀವಂತ ಇರತ್ತೆ, ಉಸಿರಾಡತ್ತೆ, ರಾಶಿ ಬಿಸಿಯಾಗತ್ತೆ. ಜಾಸ್ತಿ ಬಿಸಿಯಾದ್ರೆ ಹೂ ಬೆಂದ ವಾಸನೆ. ಅದಕ್ಕೆ ನಡುರಾತ್ರಿ ಎದ್ದು ರಾಶಿ ಹರಡಿ ಆರಿಸಿ ಮತ್ತೆ ಗುಡ್ಡೆ ಮಾಡಬೇಕು. ಬೆಳಗ್ಗೆ ಬಾಡಿದ ಹೂವನ್ನು ಜರಡಿ ಹಿಡಿದು ತೆಗೆದು, ತೇವ ಕುಡಿದ ಎಲೆಯನ್ನು ಮತ್ತೆ ಬಿಸಿಗಾಳಿಯಲ್ಲಿ ಒಣಗಿಸಬೇಕು. ಇದು ಒಂದು ಸಲ. ಒಳ್ಳೆ ಚಹಾಕ್ಕೆ ಹೀಗೆ ಐದಾರು ಸಲ, ಪ್ರತಿ ಸಲ ಹೊಸ ಹೂ. ಹಾಗಾಗಿ ಒಳ್ಳೆ ಮಲ್ಲಿಗೆ ಚಹಾದಲ್ಲಿ ಹೂ ಕಾಣೋದೇ ಕಮ್ಮಿ. ಪೊಟ್ಟಣದೊಳಗೆ ಒಣ ಎಸಳು ತುಂಬಿ ತುಳುಕ್ತಿದ್ರೆ ಮರುಳಾಗಬೇಡಿ, ಅದು ಬರೀ ಅಲಂಕಾರ.

ಫೂಜೌನ ಈ ಮಲ್ಲಿಗೆ-ಚಹಾ ಕೃಷಿಯನ್ನು 2014ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ಜಾಗತಿಕ ಕೃಷಿ ಪರಂಪರೆ ಅಂತ ಗುರುತಿಸಿತು. ಇಷ್ಟು ರಾತ್ರಿ ನಿದ್ದೆಗೆಟ್ಟು ಮಾಡೋದನ್ನ ಕೆಟ್ಟ ಎಲೆ ಮೇಲೆ ಯಾರು ಸುರೀತಾರೆ ಹೇಳಿ?

ನನ್ನ ಸಿಟ್ಟು ಇರೋದು ಬೇರೆ ಕಡೆ. ಸೂಪರ್ ಮಾರ್ಕೆಟ್ಟಲ್ಲಿ ಸಿಗೋ ಎಷ್ಟೋ 'ಜಾಸ್ಮಿನ್ ಊಲಾಂಗ್' ಡಬ್ಬಿಗಳಲ್ಲಿ ಚಹಾ ಮಲ್ಲಿಗೆಯನ್ನು ನೋಡಿಯೇ ಇರಲ್ಲ. ಹಿಂದೆ ಸಣ್ಣ ಅಕ್ಷರದಲ್ಲಿ 'ಫ್ಲೇವರ್' ಅಂತ ಇರತ್ತೆ. ಅಂಥದ್ದರ ಮುಚ್ಚಳ ತೆಗೆದ್ರೆ ಅಗರಬತ್ತಿ ಅಂಗಡಿಗೆ ನುಗ್ಗಿದ ಹಾಗೆ, ಎರಡನೇ ಸಲ ನೀರು ಹಾಕಿದ್ರೆ ಏನೂ ಇಲ್ಲ. ನಿಜವಾದ್ದು ತದ್ವಿರುದ್ಧ. ಐದು ಗ್ರಾಂ ಎಲೆಗೆ ಒಂದು ಲೋಟ ನೀರು, ಕುದಿ ಬಂದು ಸ್ವಲ್ಪ ಆರಿದ್ದು. ಒಂದು ನಿಮಿಷಕ್ಕೆ ಸೋಸಿ. ಮೊದಲ ಲೋಟದಲ್ಲಿ ಮಲ್ಲಿಗೆ ಮುಂದೆ, ಊಲಾಂಗ್ ಹಿಂದೆ. ಮೂರನೇದಕ್ಕೆ ಇಬ್ಬರೂ ಜಾಗ ಬದಲಾಯಿಸಿರ್ತಾರೆ, ಬೆಣ್ಣೆಯಂಥ ನುಣುಪು ನಾಲಿಗೆ ಮೇಲೆ ಉಳಿಯತ್ತೆ. ನನಗೆ ಆ ಮೂರನೇ ಲೋಟವೇ ಇಷ್ಟ. ಹಾಲು ಮಾತ್ರ ದಯವಿಟ್ಟು ಬೇಡ. (ಇದೊಂದರಲ್ಲಿ ನಾನೂ ಮಡಿವಂತನೇ :))

ಅಮ್ಮನ ಮಾತು ಹೇಳಬೇಕು. ಅಪ್ಪ ಹೋದ ಮೇಲೆ ಅಮ್ಮ ಹೂ ಮುಡಿಯೋದು ಬಿಟ್ಟರು. ಆ ಪದ್ಧತಿ ನನಗೆ ಕಿಂಚಿತ್ತೂ ಸೇರಲ್ಲ, ಎಷ್ಟೋ ಸಲ ಹೇಳಿದ್ದೀನಿ, "ನಿಂಗೊತ್ತಾಗಲ್ಲ, ಸುಮ್ನಿರು" ಅಂತಾರೆ. ಮಲ್ಲಿಗೆ ತಂದರೆ ದೇವರಿಗೆ ಹೋಗತ್ತೆ, ಅವರು ಕೈಗೂ ಸೋಕಿಸಿಕೊಳ್ಳಲ್ಲ. ಒಂದು ಮಧ್ಯಾಹ್ನ ಈ ಚಹಾ ಕೊಟ್ಟೆ. ಲೋಟ ಮೂಗಿನ ಹತ್ತಿರ ಹಿಡಿದು ತುಂಬಾ ಹೊತ್ತು ಕೂತರು. "ಇದು ಹೂವೋ, ಚಾನೋ?" ಅಂತ ಕೇಳಿದರು. ಚಹಾನೇ ಅಮ್ಮ ಅಂದೆ. "ಹಾಗಾದ್ರೆ ಪರವಾಗಿಲ್ಲ" ಅಂದು ಕುಡಿದರು. ಆಮೇಲೆ ಇನ್ನೊಂದು ಲೋಟ ಕೇಳಿದರು. ಈ ಚಹಾ ಕೀಳು ಅಂತ ಯಾರಾದ್ರೂ ಅಂದಾಗ ನಾನು ಸ್ವಲ್ಪ ಜಾಸ್ತಿಯೇ ಜಗಳಕ್ಕೆ ನಿಲ್ಲೋದಕ್ಕೆ ಇದೂ ಒಂದು ಕಾರಣ ಇರಬಹುದು.

ಇನ್ನೊಂದು ವಿಷಯ. ಚಹಾಕ್ಕೆ ಹಾಕೋ ಹೂ ನಮ್ಮ ದುಂಡುಮಲ್ಲಿಗೆಯ ಜಾತಿಯದ್ದೇ. ಚೀನಾದವರು ಅದನ್ನು 'ಮೋಲಿ' ಅಂತಾರೆ, ನಮ್ಮ 'ಮಲ್ಲಿ'ಯಿಂದ ಹೋದ ಶಬ್ದ. ಹೂವೂ ಹೆಸರೂ ಈ ಕಡೆಯಿಂದ ಹೋಗಿವೆ, ಚಹಾಕ್ಕೆ ಸೇರಿಸೋ ಬುದ್ಧಿ ಮಾತ್ರ ಅವರದ್ದು. ಶಂಕರಪುರದ ಉಡುಪಿ ಮಲ್ಲಿಗೆಯೂ ಅದೇ ಜಾತಿ, ಭೌಗೋಳಿಕ ಗುರುತೂ ಸಿಕ್ಕಿದೆ. ಮದುವೆ ಸೀಸನ್ನಲ್ಲಿ ಅಟ್ಟೆಗೆ ಕೈಸುಡೋ ಬೆಲೆ, ಹೂ ಜಾಸ್ತಿ ಬಂದು ಶುಭಕಾರ್ಯ ಇಲ್ಲದ ದಿನಗಳಲ್ಲಿ ಕೇಳೋರಿಲ್ಲ. ಬೆಳಗಿನ ಜಾವ ಎದ್ದು ಮೊಗ್ಗು ಕುಯ್ದು ಕಟ್ಟೋ ಹೆಂಗಸರಿಗೆ ಸಂಜೆಗೆ ಎಷ್ಟು ಸಿಗತ್ತೆ ಅನ್ನೋದು ಪಂಚಾಂಗದ ಮೇಲೆ ನಿಂತಿದೆ.

ಇತ್ತ ನೀಲಗಿರಿಯಲ್ಲಿ ಊಲಾಂಗ್ ಮಾಡೋ ತೋಟಗಳಿವೆ. ಮೈಸೂರಿಂದ ಊಟಿಗೆ ನಾಲ್ಕು ಗಂಟೆ ದಾರಿ. ಮಧ್ಯಾಹ್ನ ಬಿಡಿಸಿದ ಮೊಗ್ಗು ಬಿರಿಯೋ ಮುಂಚೆ ಬೆಟ್ಟ ಹತ್ತಬಹುದು. ಉಡುಪಿ ಹೂ ಮುಂಬೈಗೂ ಗಲ್ಫಿಗೂ ಹೋಗೋವಾಗ ಇದೇನು ಮಹಾ? ಮಾಡೋರು ಯಾರಾದ್ರೂ ಇದ್ರೆ ಹೇಳಿ, ಮೊದಲ ಕಾಲು ಕೆಜಿ ನಾನೇ ತಗೋತೀನಿ. ಎಸೆನ್ಸ್ ಹಾಕಿದ್ರೆ ಮಾತ್ರ ವಾಪಸ್ ಕಳಿಸ್ತೀನಿ.