ಗೋಡೆಗಳಿಗೂ ಒಂದು ಪಾಲು

ನೊಯ್ಡಾ, ಗುರುಗ್ರಾಮಗಳ ಬಹುಮಹಡಿ ಮನೆಗಳಲ್ಲಿ ನೆಲೆಸಿರುವ ನಮ್ಮವರಿಗೆ ಊರಿನ ಹಿರಿಯರ ಮುಖ ವಿಡಿಯೊ ಕರೆಯಲ್ಲಿ ನಿಚ್ಚಳವಾಗಿ ಕಾಣುವುದು ಬಾಲ್ಕನಿಯಲ್ಲಿ. ನಾಲ್ಕು ಹೆಜ್ಜೆ ಒಳಗೆ ಬಂದರೆ ಅದೇ ಮುಖ ಚೌಕಚೌಕವಾಗಿ ಒಡೆಯುತ್ತದೆ. ಆಗ ನಾವು ಬೈಯುವುದು ಮೊಬೈಲ್ ಕಂಪನಿಯನ್ನು. ಆ ಬೈಗುಳದಲ್ಲಿ ದೊಡ್ಡ ಪಾಲು ಕಟ್ಟಡ ಕಟ್ಟಿದವರಿಗೆ ಸಲ್ಲಬೇಕೆಂಬುದು ನನ್ನ ವಾದ.

ದೆಹಲಿಯ ಬೇಸಿಗೆಯನ್ನು ತಡೆಯಲೆಂದು ಹೊಸ ಕಟ್ಟಡಗಳ ಗಾಜಿಗೆ ತೆಳುವಾದ ಲೋಹದ ಲೇಪ ಕೊಡುತ್ತಾರೆ. ಬಿಸಿಲಿನ ಶಾಖವನ್ನು ಹಿಂದಕ್ಕೆ ತಳ್ಳುವ ಆ ಲೇಪ ರೇಡಿಯೊ ತರಂಗಗಳನ್ನೂ ತಳ್ಳುತ್ತದೆ. ಇಂತಹ ಗಾಜಿನಿಂದ ಸಂಕೇತ 20 ಡೆಸಿಬೆಲ್‌ನಷ್ಟು ಕುಗ್ಗಬಹುದು. ಅಂದರೆ ಒಳಗೆ ಬರುವುದು ನೂರರಲ್ಲಿ ಒಂದು ಪಾಲು. ಏಸಿಯ ಬಿಲ್ಲಿನಲ್ಲಿ ಉಳಿಸಿದ್ದನ್ನು ಕರೆಯಲ್ಲಿ ಕಳೆದುಕೊಂಡಂತೆ! ಉಕ್ಕಿನ ಸರಳುಗಳ ಕಾಂಕ್ರೀಟು, ಲಿಫ್ಟಿನ ಲೋಹದ ಪೆಟ್ಟಿಗೆ, ನೆಲಮಾಳಿಗೆಯ ಪಾರ್ಕಿಂಗುಗಳ ಮಾತು ಬೇರೆ ಹೇಳಬೇಕಿಲ್ಲ.

ತರಂಗಗಳಲ್ಲೂ ಭೇದವಿದೆ. 2022ರ ಅಕ್ಟೋಬರ್ 1ರಂದು ದೆಹಲಿಯ ಪ್ರಗತಿ ಮೈದಾನದಲ್ಲಿ ಉದ್ಘಾಟನೆಗೊಂಡ 5ಜಿ ಸೇವೆ ಹೆಚ್ಚಾಗಿ ನೆಚ್ಚಿಕೊಂಡಿರುವುದು 3300 ಮೆಗಾಹರ್ಟ್ಸ್‌ನ ಆಸುಪಾಸಿನ ತರಂಗಗಳನ್ನು. ಅವು ಹೊರುವ ಮಾಹಿತಿ ಅಪಾರ, ಆದರೆ ಗೋಡೆಯೆದುರು ದುರ್ಬಲ. 900 ಮೆಗಾಹರ್ಟ್ಸ್‌ನಂಥವು ಗೋಡೆ ದಾಟುತ್ತವೆ, ಹೊರುವುದು ಕಡಿಮೆ. ಒಳಕೋಣೆಯಲ್ಲಿ ಫೋನು ಸದ್ದಿಲ್ಲದೆ ಕೆಳಗಿನ ತರಂಗಕ್ಕಿಳಿಯುತ್ತದೆ. ಸಂಕೇತದ ಕಡ್ಡಿಗಳು ತುಂಬಿಯೇ ಕಂಡರೂ ವೇಗ ಮಾಯ. ಇನ್ನು ಇಪ್ಪತ್ತನೆಯ ಮಹಡಿಯವರ ಪಾಡೇ ಬೇರೆ. ಗೋಪುರದ ಆಂಟೆನಾಗಳು ಸಾಮಾನ್ಯವಾಗಿ ಬೀದಿಯತ್ತ ಬಾಗಿರುತ್ತವೆ. ಅಷ್ಟೆತ್ತರದಲ್ಲಿ ದೂರದ ಹಲವು ಗೋಪುರಗಳ ದನಿಗಳು ಒಂದರಮೇಲೊಂದು ಬಿದ್ದು ಗೊಂದಲವಾಗುತ್ತದೆ.

ಪರಿಹಾರ ಅಜ್ಞಾತವೇನಲ್ಲ: ಕಟ್ಟಡದೊಳಗೇ ಸಣ್ಣ ಆಂಟೆನಾಗಳ ಜಾಲ. ಅದನ್ನು ಎಲ್ಲ ಕಂಪನಿಗಳೂ ಹಂಚಿಕೊಳ್ಳಬೇಕು, ಯಾವೊಂದು ಕಂಪನಿಗೂ ಏಕಸ್ವಾಮ್ಯ ಸಲ್ಲದು ಎಂದು ಟ್ರಾಯ್ 2017ರಲ್ಲೇ ಶಿಫಾರಸು ಮಾಡಿತ್ತು. 2024ರ ಅಕ್ಟೋಬರಿನಲ್ಲಿ ಕಟ್ಟಡಗಳಿಗೆ ನಕ್ಷತ್ರಗಳ ದರ್ಜೆ ನೀಡುವ ನಿಯಮಾವಳಿಯನ್ನೂ ತಂದಿತು. ಆದರೆ ದರ್ಜೆ ಪಡೆಯುವುದು ಮಾಲೀಕರ ಇಚ್ಛೆಗೆ ಬಿಟ್ಟದ್ದು. ಇದು ಸಾಲದು. ನೀರು, ವಿದ್ಯುತ್ತುಗಳನ್ನು ಯಾರೂ ಇಚ್ಛೆಗೆ ಬಿಡುವುದಿಲ್ಲ. ಒಬ್ಬಂಟಿ ವೃದ್ಧರು ಆಂಬುಲೆನ್ಸ್ ಕರೆಯಬೇಕಾದುದೂ ಇದೇ ಫೋನಿನಿಂದ ತಾನೆ?

ನಿವಾಸಿಗಳ ಸಂಘಗಳ ಹೊಣೆಯೂ ಇದೆ. ವಿಕಿರಣದ ಭಯದಿಂದ ಚಾವಣಿಯ ಆಂಟೆನಾ ಬೇಡವೆನ್ನುತ್ತಾರೆ. 2012ರಲ್ಲಿ ಭಾರತ ತನ್ನ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೆಯ ಒಂದಕ್ಕೆ ಇಳಿಸಿತು. ಗೋಪುರ ದೂರವಾದಷ್ಟೂ ಕಿವಿಗಾನಿಸಿದ ಫೋನೇ ಹೆಚ್ಚು ಶಕ್ತಿಯಿಂದ ಕೂಗಬೇಕಾಗುತ್ತದೆ ಎಂಬುದನ್ನು ಸಭೆಗಳಲ್ಲಿ ಯಾರೂ ಎತ್ತುವುದಿಲ್ಲ.

ಮನೆ ತೋರಿಸುವ ದಲ್ಲಾಳಿ ಈಜುಕೊಳ, ಕ್ಲಬ್ಬುಗಳನ್ನು ವರ್ಣಿಸುತ್ತಿರುವಾಗ ಎರಡು ಕಂಪನಿಗಳ ಸಿಮ್ ಹಿಡಿದು ಒಳಗಿನ ಕೋಣೆಗೆ ನಡೆಯಿರಿ. ಬಾಗಿಲು ಮುಚ್ಚಿ, ಊರಿಗೊಂದು ವಿಡಿಯೊ ಕರೆ ಮಾಡಿ ನೋಡಿ. ಮುಂಗಡದ ಮಾತು ಆಮೇಲೆ.