ಸೌತೆಬೀಜಕ್ಕೆ ‘ದೇಸಿ ಓರ್ಜೊ’ ಅನ್ನಬೇಡಿ

1/5
ರೀಲ್ಸ್‌ನಲ್ಲಿ ಈಗ ಎಲ್ಲಿ ನೋಡಿದ್ರೂ ಓರ್ಜೊ. ಅಕ್ಕಿಕಾಳಿನಂತೆ ಕಾಣುವ ಪುಟ್ಟ ಇಟಾಲಿಯನ್ ಪಾಸ್ತಾ. ಹೆಸರಿನ ಅರ್ಥ ಬಾರ್ಲಿ, ಮಾಡೋದು ಮಾತ್ರ ಡ್ಯೂರಂ ಗೋಧಿ ರವೆಯಿಂದ. ಸೂಪಿಗೆ ಹಾಕ್ತಾರೆ, ಸಲಾಡ್ ಮಾಡ್ತಾರೆ, ರಿಸೊಟ್ಟೊ ಥರ ಗಟ್ಟಿಯಾಗಿ ಬೇಯಿಸ್ತಾರೆ. ಚೆನ್ನಾಗಿರುತ್ತೆ. ಬಸ್ಸಾರಿಗೆ ಹಾಕಿ ನೋಡಿದೀನಿ, ಅದೂ ಚೆನ್ನಾಗಿತ್ತು! ನನ್ನ ತಕರಾರು ಓರ್ಜೊ ಮೇಲಲ್ಲ. ಸೌತೆಬೀಜದ ಫೋಟೊ ಹಾಕಿದ ತಕ್ಷಣ ಕೆಳಗೆ ಬಂದು “ವಾವ್, ದೇಸಿ ಓರ್ಜೊ” ಅಂತೀರಲ್ಲ, ಅದರ ಮೇಲೆ.

2/5
ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಎಷ್ಟೋ ಜನಕ್ಕೆ ಸೌತೆಬೀಜ ಗೊತ್ತಿಲ್ಲ. ಸಹಜ. ನಮ್ಮದು ರಾಗಿ ಸೀಮೆ. ಅಕ್ಕಿ ಇಲ್ಲವೇ ರಾಗಿ ಹಿಟ್ಟನ್ನು ಬೇಯಿಸಿ, ಬಿಸಿ ಇರುವಾಗಲೇ ಶ್ಯಾವಿಗೆ ಒತ್ತಿ, ಕಾಯಿಹಾಲು ಸುರಿದು ಅವತ್ತೇ ತಿಂದು ಮುಗಿಸುವವರು ನಾವು. ಧಾರವಾಡ, ಬಾಗಲಕೋಟೆ, ವಿಜಯಪುರದ ಕಡೆ ಗೋಧಿ ಬೆಳೆಯುತ್ತೆ. ಅಲ್ಲಿ ಒಣಗಿಸಿ ಡಬ್ಬಿಗೆ ತುಂಬಿಡ್ತಾರೆ: ಶ್ಯಾವಿಗೆ, ಗವಲಿ, ಸೌತೆಬೀಜ. ಅಂದಹಾಗೆ, ಅಲ್ಲಿನ ಜವೆಗೋಧಿ ಮತ್ತು ಇಟಲಿಯಲ್ಲಿ ‘ಫಾರ್ರೊ’ ಅಂತ ಮಾರುವ ಗೋಧಿ ಬಹುಪಾಲು ಒಂದೇ ಜಾತಿ. ಅದಕ್ಕೆ ‘ಇಟಲಿಯ ಜವೆಗೋಧಿ’ ಅಂತ ಯಾರಾದ್ರೂ ಕರೆದದ್ದು ಕೇಳಿದ್ದೀರಾ?

3/5
ಈ ಫೋಟೊ ಜೂಮ್ ಮಾಡಿ. ಎರಡೂ ತುದಿ ಚೂಪು, ನಡು ದಪ್ಪ. ನಾದಿದ ಹಿಟ್ಟಿನಿಂದ ಚಿಟಿಕೆಯಷ್ಟು ಕಿತ್ತು, ಹೆಬ್ಬೆರಳು ತೋರುಬೆರಳ ನಡುವೆ ಹೊಸೆದದ್ದು. ಒಂದೊಂದಾಗಿ. ಮದುವೆ ಹತ್ತಿರ ಬಂದಾಗ ಮನೆಯ ಹೆಂಗಸರು, ಪಕ್ಕದ ಮನೆಯವರು ಸೇರಿಕೊಂಡು ಕೂತು ಹೊಸೆಯುವ ಕೆಲಸ ಇದು. ಒಬ್ಬರೇ ಕೂತರೆ ಮಧ್ಯಾಹ್ನವಿಡೀ ಹೊಸೆದರೂ ಸಣ್ಣ ಡಬ್ಬಿ ತುಂಬಲ್ಲ. ಓರ್ಜೊ ಫ್ಯಾಕ್ಟರಿಯಲ್ಲಿ ಅಚ್ಚಿನಿಂದ ಇಳಿದು ಬರುತ್ತೆ. ಅದು ತಪ್ಪಲ್ಲ, ಆದರೆ ಬೇರೆ. ಹೋಲಿಕೆ ಬೇಕೇ ಬೇಕಾದ್ರೆ ಇಟಲಿಯಲ್ಲೇ ‘ಸೆಮಿ ದಿ ಮೆಲೋನೆ’ ಅನ್ನೋ ಪುಟ್ಟ ಪಾಸ್ತಾ ಇದೆ. ಅಂದರೆ ಕರಬೂಜದ ಬೀಜ. ಅವರು ಕರಬೂಜ ನೋಡಿದ್ರು, ನಮ್ಮವರು ಸೌತೆಕಾಯಿ ನೋಡಿದ್ರು. ಯಾರೂ ಯಾರ ನಕಲೂ ಅಲ್ಲ.

4/5
ಹೆಸರಿಗೆ ಯಾಕಿಷ್ಟು ಗಲಾಟೆ ಅಂತೀರಾ? ಹೆಸರು ಬದಲಾದ್ರೆ ರೇಟೂ ಬದಲಾಗುತ್ತೆ, ಅದಕ್ಕೆ. ಬಿ.ಎಚ್. ರಸ್ತೆಯ ಸೂಪರ್ ಮಾರ್ಕೆಟ್‌ನಲ್ಲಿ ಓರ್ಜೊ ಪ್ಯಾಕೆಟ್ ತಗೋವಾಗ ಅದರ ಮೇಲೆ ಬರೆದ ರೇಟು ಕೊಟ್ಟು ತೆಪ್ಪಗೆ ಬರ್ತೀರಿ. ಅದೇ ಮೇಳದಲ್ಲಿ ಸ್ತ್ರೀಶಕ್ತಿ ಸಂಘದ ಹೆಂಗಸು ಕೈಲಿ ಹೊಸೆದ ಸೌತೆಬೀಜ ಇಟ್ಕೊಂಡು ಕೂತಿದ್ರೆ “ಇಷ್ಟೊಂದಾ? ಬರೀ ಹಿಟ್ಟು ತಾನೇ?” ಓರ್ಜೊನೂ ಬರೀ ಹಿಟ್ಟೇ ಸ್ವಾಮಿ! ಹಿಟ್ಟಿಗೆ ಕೊಡ್ತೀರಿ, ಡಬ್ಬಿಗೆ ಕೊಡ್ತೀರಿ, ಹಡಗಿನ ಬಾಡಿಗೆಗೂ ಕೊಡ್ತೀರಿ. ಆಕೆಯ ಬೆರಳಿಗೆ ಕೊಡೋವಾಗ ಮಾತ್ರ ಚೌಕಾಸಿ. “ಅಜ್ಜಿ ಪ್ರೀತಿಯಿಂದ ಮಾಡ್ತಿದ್ರು” ಅಂತ ಉದ್ದುದ್ದ ಕ್ಯಾಪ್ಷನ್ ಬರೆಯೋದೂ ನೀವೇ. ಅಜ್ಜಿಗೆ ಆಗ ಕೂಲಿ ಯಾರೂ ಕೊಡಲಿಲ್ಲ. ಅವರ ಸೊಸೆ, ಮೊಮ್ಮಗಳು ಈಗ ಹೊಸೆಯೋದು ಬಿಟ್ಟಿದ್ದಾರೆ ಅಂದ್ರೆ ಸೋಮಾರಿತನ ಅಲ್ಲ, ಲೆಕ್ಕ ಗೊತ್ತಾಗಿದೆ.

5/5
ಸಿಕ್ಕಿದರೆ ಹೇಳಿದ ರೇಟಿಗೇ ತಗೊಳ್ಳಿ. ತುಪ್ಪದಲ್ಲಿ ಹದವಾಗಿ ಹುರಿದು, ನೀರಲ್ಲಿ ಬೇಯಿಸಿ. ನಡುಭಾಗ ಹಲ್ಲಿಗೆ ಸ್ವಲ್ಪ ಸಿಗುವಂತಿರಲಿ, ಅದೇ ಇದರ ಮಜಾ. ಬೆಲ್ಲ, ಏಲಕ್ಕಿ. ನಮ್ಮೂರಿನವರು ಹಾಲಿನ ಬದಲು ಕಾಯಿಹಾಲೇ ಹಾಕಬಹುದು, ತೆಂಗಿನ ಜಿಲ್ಲೆ ಅಲ್ವಾ. ಹಸುವಿನ ಹಾಲಾದ್ರೆ ಒಲೆಯಿಂದ ಇಳಿಸಿ ಆರಿದ ಮೇಲೇ ಹಾಕಿ. ಬಿಸಿ ಬೆಲ್ಲಕ್ಕೆ ಸುರಿದರೆ ಒಡೆಯುತ್ತೆ.

#ಸೌತೆಬೀಜ #ಸೌತೆಬೀಜದಹುಗ್ಗಿ #ಒತ್ತುಶ್ಯಾವಿಗೆ #ತುಮಕೂರು