ಹೆದರಿಸಿದರೆ ಸಾಲದು, ಕರೆಂಟಿನ ಮರ್ಮ ಕಲಿಸಿ

ಹಳ್ಳಿಯ ಮಗುವಿಗೆ ವಿದ್ಯುತ್ತಿನ ಬಗ್ಗೆ ನಾವು ಕೊಡುವ ಮೊದಲ ಪಾಠವೂ ಕೊನೆಯ ಪಾಠವೂ ಒಂದೇ: ‘ಮುಟ್ಟಬೇಡ, ಹೊಡೆಯುತ್ತದೆ.’ ಮಾತು ಸರಿಯೇ. ಆದರೆ ಏಕೆ ಹೊಡೆಯುತ್ತದೆ ಎಂದು ಹೇಳುವುದಿಲ್ಲ. ನಾಲ್ಕು ವರ್ಷ ಕಳೆಯುತ್ತಲೇ ಅದೇ ಮಗುವನ್ನು ‘ಹೋಗಿ ಮೋಟಾರು ಹಾಕಿ ಬಾ’ ಎಂದು ತೋಟಕ್ಕೆ ಕಳಿಸುತ್ತೇವೆ. ಅಪಾಯವಿರುವುದು ಇಲ್ಲೇ.

ಕಲಿಸುವುದು ಕಷ್ಟವಲ್ಲ. ನೀರು ಹಾಯಿಸುವುದನ್ನು ನೋಡಿ ಬೆಳೆದ ಮಗುವಿಗೆ ಅರ್ಧ ಪಾಠ ಆಗಲೇ ಬಂದಿರುತ್ತದೆ. ತೊಟ್ಟಿ ಎತ್ತರದಲ್ಲಿದ್ದಷ್ಟೂ ಕೊಳವೆಯ ನೀರಿಗೆ ಒತ್ತಡ ಹೆಚ್ಚು. ವಿದ್ಯುತ್ತಿನಲ್ಲಿ ಆ ಒತ್ತಡವೇ ವೋಲ್ಟ್, ಹರಿವೇ ಆಂಪೇರ್. ಮನೆಯ ದೀಪಕ್ಕೆ 230 ವೋಲ್ಟ್, ಮೂರು ಫೇಸಿನ ಮೋಟಾರಿಗೆ ಸುಮಾರು 400 ವೋಲ್ಟ್. ಒಂದು ವ್ಯತ್ಯಾಸವನ್ನು ಮಾತ್ರ ಒತ್ತಿ ಹೇಳಬೇಕು. ವಿದ್ಯುತ್ತು ಹರಿಯಲು ಮರಳುವ ದಾರಿ ಬೇಕು. ಭೂಮಿಯೂ ಅಂಥ ದಾರಿ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ತಂತಿ ಮುಟ್ಟಿದವನ ಮೈಯೇ ಆ ದಾರಿಯಾಗುತ್ತದೆ. ಇಷ್ಟು ತಿಳಿದ ಮಗು ಒದ್ದೆ ಕೈಯಲ್ಲಿ ಸ್ಟಾರ್ಟರಿನ ಹತ್ತಿರ ಹೋಗದು.

ಮುಂದಿನ ಪಾಠ ಪಂಪ್‌ಮನೆಯಲ್ಲೇ ಆಗಲಿ. ಮೋಟಾರಿನ ಮೈಗೆ ಸೋರಿದ ವಿದ್ಯುತ್ತನ್ನು ನೆಲಕ್ಕೆ ಒಯ್ಯುವುದು ಅರ್ಥಿಂಗ್ ತಂತಿ. ಹರಿವು ಮಿತಿ ಮೀರಿದಾಗ ತಾನು ಕರಗಿ ಮೋಟಾರನ್ನು ಉಳಿಸುವ ತೆಳು ತಂತಿ ಫ್ಯೂಸ್. ಅದರ ಜಾಗಕ್ಕೆ ದಪ್ಪ ತಂತಿ ಸುತ್ತುವ ಅಪ್ಪ ಮಗನಿಗೆ ಏನು ಕಲಿಸಿದಂತಾಯಿತು? ಹಂದಿ ಕಾಟವೆಂದು ಬೇಲಿಗೆ ನೇರವಾಗಿ ಕರೆಂಟ್ ಕೊಡುವುದಂತೂ ಅಪರಾಧ. ಸೋಲಾರ್ ಬೇಲಿ ಕ್ಷಣಮಾತ್ರ ಹೊಡೆದು ಬಿಡುತ್ತದೆ; ಲೈನಿನ ಕರೆಂಟು ಹಿಡಿದದ್ದನ್ನು ಬಿಡದು. ಈ ಅಂತರ ಮಕ್ಕಳಿಗೂ ಗೊತ್ತಿರಬೇಕು.

ಉಪಯೋಗದ ಲೆಕ್ಕವೂ ಬೇಕು. ಒಂದು ಅಶ್ವಶಕ್ತಿ ಎಂದರೆ 746 ವಾಟ್. ಐದು ಅಶ್ವಶಕ್ತಿಯ ಮೋಟಾರು ಪೂರ್ಣ ಹೊರೆಯಲ್ಲಿ ಗಂಟೆಗೆ ಸುಮಾರು ನಾಲ್ಕು ಯೂನಿಟ್ ನುಂಗುತ್ತದೆ. ಅಷ್ಟರಲ್ಲಿ 9 ವಾಟಿನ ಎಲ್‌ಇಡಿ ದೀಪ 400 ಗಂಟೆಗೂ ಮೀರಿ ಉರಿದೀತು. ಕರ್ನಾಟಕದಲ್ಲಿ ಹತ್ತು ಅಶ್ವಶಕ್ತಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತ. ಬಿಲ್ಲು ಬರದ ಮನೆಯಲ್ಲಿ ಈ ಲೆಕ್ಕವನ್ನು ಮಗುವಿಗೆ ಹಿರಿಯರೇ ಹೇಳಬೇಕು. 1902ರಲ್ಲಿ ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿಗೆ. ಹಳ್ಳಿಯ ಬಾವಿಗೆ ಬಂದದ್ದು ಎಷ್ಟೋ ವರ್ಷಗಳ ನಂತರ. ಅಲ್ಲಿಯವರೆಗೆ ಎತ್ತುಗಳು ಕಪಿಲೆ ಎಳೆದವು. ಇದನ್ನು ತಿಳಿದ ಮಗು ಸುಮ್ಮನೆ ಹರಿಯುವ ನೀರನ್ನು ಕಂಡು ಸುಮ್ಮನಿರದು.

ಶಾಲೆಯಲ್ಲಿ ಟಾರ್ಚಿನ ಸೆಲ್ಲು, ಬಲ್ಬು, ಎರಡು ತುಂಡು ತಂತಿ ಇದ್ದರೆ ಪ್ರಯೋಗಕ್ಕೆ ಸಾಕು. ಮನೆಯ ಪ್ಲಗ್ಗಿನಲ್ಲಿ ಪ್ರಯೋಗ ಸಲ್ಲದು. ತಂತಿ ಹರಿದು ಬಿದ್ದಿದ್ದರೆ ದೂರ ನಿಂತು ಹಿರಿಯರನ್ನು ಕೂಗಬೇಕು, 1912ಕ್ಕೆ ಫೋನ್ ಮಾಡಿಸಬೇಕು. ಯಾರಿಗಾದರೂ ಕರೆಂಟ್ ಹಿಡಿದಿದ್ದರೆ ಅವರ ಮೈ ಮುಟ್ಟದೆ ಮೊದಲು ಮೇನ್ ಸ್ವಿಚ್ ಆರಿಸಬೇಕು. ಈ ಮುಂಗಾರಿನ ಮಳೆ ಹಿಡಿಯುವ ಮೊದಲೇ ರೈತ ಬಾಂಧವರು ಮಕ್ಕಳನ್ನು ಪಂಪ್‌ಮನೆಗೆ ಕರೆದೊಯ್ದು ಇಷ್ಟನ್ನು ಹೇಳಿಕೊಡಲಿ. ಅರ್ಧ ಗಂಟೆಯ ಕೆಲಸ, ಉಳಿಯುವುದು ಜೀವ.